ಮೀನೆಂದು ಬರೆದಿಟ್ಟ ಕಲ್ಲಿನಲ್ಲಿ ಕಾಲು: ಪೆಡರ್ಪಿಸ್ ಪ್ರಕರಣ, ಮಲೆನಾಡಿನ ವಿದ್ಯಾರ್ಥಿಗಳಿಗೆ

1971ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್ ಊರಿನ ಹತ್ತಿರ ಪೀಡರ್ ಆಸ್ಪೆನ್ ಎಂಬುವರಿಗೆ ಎಲುಬು ಹುದುಗಿದ ಕಲ್ಲೊಂದು ಸಿಕ್ಕಿತು. ಅದು ಗ್ಲಾಸ್ಗೋದ ಹಂಟೇರಿಯನ್ ಮ್ಯೂಸಿಯಂ ಸೇರಿತು. ದಾಖಲೆಯಲ್ಲಿ ಅದನ್ನು ರೈಜೋಡಾಂಟ್ ಎಂದು ಬರೆದುಕೊಂಡರು. ಅಂದರೆ ಆ ಕಾಲದ ನದಿ, ಕೆರೆಗಳಲ್ಲಿ ಬೇಟೆಯಾಡುತ್ತಿದ್ದ, ದಪ್ಪ ತಿರುಳಿನ ಈಜುರೆಕ್ಕೆಯ ದೊಡ್ಡ ಮೀನು. ಮೂರು ದಶಕ ಕಳೆದ ಮೇಲೆ, 2002ರ ಜುಲೈನಲ್ಲಿ, ಕೇಂಬ್ರಿಜ್‌ನ ಜೆನ್ನಿಫರ್ ಕ್ಲಾಕ್ ಅದೇ ಕಲ್ಲಿನ ಪ್ರಾಣಿಯನ್ನು 'ನೇಚರ್' ಪತ್ರಿಕೆಯಲ್ಲಿ ಹೊಸ ಕುಲ, ಹೊಸ ಪ್ರಭೇದವಾಗಿ ಪ್ರಕಟಿಸಿದರು: ಪೆಡರ್ಪಿಸ್ ಫಿನ್ನಿಯೇ. ಅದು ಮೀನಾಗಿರಲಿಲ್ಲ. ಸುಮಾರು 35 ಕೋಟಿ ವರ್ಷಗಳ ಹಿಂದೆ ಬದುಕಿದ್ದ, ಒಂದು ಮೀಟರಿನಷ್ಟು ಉದ್ದದ ಚತುಷ್ಪಾದಿ, ಅಂದರೆ ನಾಲ್ಕು ಕಾಲಿನ ಬೆನ್ನೆಲುಬಿನ ಪ್ರಾಣಿಗಳ ಗುಂಪಿನದು. ನೆಲದ ಮೇಲೆ ಹೆಜ್ಜೆ ಹಾಕುವುದಕ್ಕೆ ಒಗ್ಗಿಕೊಳ್ಳುತ್ತಿದ್ದ ಪಾದ ಇಷ್ಟು ಹಿಂದಿನ ಕಾಲದಲ್ಲಿ ಕಾಣಿಸಿದ್ದು ಅದರಲ್ಲೇ ಮೊದಲು.

ಹೊಸ ಪ್ರಭೇದ ಎಂದರೆ ಬೆಟ್ಟ ಹತ್ತಿ, ಬಂಡೆ ಒಡೆದು, ಕೂಗಿ ಹೇಳುವ ಶೋಧ ಎಂಬ ಕಲ್ಪನೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಪೆಡರ್ಪಿಸ್‌ನ ವಿಷಯದಲ್ಲಿ ಬಂಡೆ ಒಡೆದ ದಿನ ಯಾರಿಗೂ ಏನೂ ಹೊಳೆದಿರಲಿಲ್ಲ. ಪ್ರಭೇದ ಗೊತ್ತಾದದ್ದು ಮೇಜಿನ ಮೇಲೆ, ಚೀಟಿಯನ್ನು ಬದಿಗಿಟ್ಟು ಒಂದೊಂದೇ ಎಲುಬನ್ನು ಇನ್ನೊಂದು ಪ್ರಾಣಿಯ ಎಲುಬಿನ ಪಕ್ಕದಲ್ಲಿಟ್ಟು ನೋಡಿದಾಗ. ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರವೋ ಭೂವಿಜ್ಞಾನವೋ ಓದುವವರು ಈ ಪ್ರಕರಣವನ್ನು ಹಂತಹಂತವಾಗಿ ಬಿಡಿಸಿ ನೋಡಬೇಕಾದದ್ದು ಇದಕ್ಕಾಗಿಯೇ. ನಮ್ಮ ಬಂಡೆಗಳಲ್ಲಿ ಇಂಥ ಎಲುಬು ಸಿಗುವುದಿಲ್ಲ. ಆದರೆ ಎಲುಬನ್ನು ಓದುವ ಕೆಲಸ ಇಲ್ಲಿ ಕೂತೇ ಕಲಿಯಬಹುದು.

ಕುಂಸಿಯ ಕಲ್ಲು ಮತ್ತು ಡಂಬಾರ್ಟನ್ನಿನ ಕಲ್ಲು

ಕುಂಸಿ ಕಡೆಯ ಗಣಿಯಿಂದಲೋ ತೀರ್ಥಹಳ್ಳಿ ಕಡೆಯ ತೋಟದ ಬಾವಿಯಿಂದಲೋ ಕಲ್ಲು ಹಿಡಿದುಕೊಂಡು ಕಾಲೇಜಿಗೆ ಬಂದು, "ಇದ್ರಲ್ಲಿ ಬೆನ್ನುಮೂಳೆ ಇದ್ದಂಗಿದೆ, ನೋಡಿ ಸಾರ್" ಎನ್ನುವವರು ಇದ್ದೇ ಇರುತ್ತಾರೆ. ಅವರನ್ನು ಹಾಗೇ ವಾಪಸ್ ಕಳಿಸಬಾರದು. ಕಾರಣ ಕೊಟ್ಟು ಉತ್ತರಿಸಬೇಕು.

ಶಿವಮೊಗ್ಗ ಸುತ್ತಲಿನ ಬಂಡೆಗಳು ಧಾರವಾಡ ಶಿಲಾಸಮೂಹಕ್ಕೆ ಮತ್ತು ಅದಕ್ಕಿಂತ ಹಳೆಯ ನೈಸ್ ಶಿಲೆಗೆ ಸೇರಿದವು. ಅವುಗಳ ವಯಸ್ಸು ಸ್ಥೂಲವಾಗಿ 250ರಿಂದ 300 ಕೋಟಿ ವರ್ಷ, ಕೆಲವು ಕಡೆ ಇನ್ನೂ ಹೆಚ್ಚು. ಬೆನ್ನೆಲುಬಿನ ಪ್ರಾಣಿಗಳ ಅತಿ ಹಳೆಯ ಕುರುಹುಗಳಿಗೆ ಸುಮಾರು 52 ಕೋಟಿ ವರ್ಷ. ನಮ್ಮ ಬಂಡೆ ಗಟ್ಟಿಯಾಗಿ ಇನ್ನೂರು ಕೋಟಿ ವರ್ಷ ಕಳೆಯುವ ತನಕ ಭೂಮಿಯ ಮೇಲೆ ಎಲುಬು ಎಂಬುದೇ ಇರಲಿಲ್ಲ. ಹಾಗಾಗಿ ಕುಂಸಿಯ ಕಲ್ಲಿನಲ್ಲಿ ಕಾಣುವ 'ಜರೀಗಿಡ' ಸಾಮಾನ್ಯವಾಗಿ ಮ್ಯಾಂಗನೀಸ್ ಆಕ್ಸೈಡ್ ಬಿರುಕಿನೊಳಗೆ ಹರಡಿ ಮೂಡಿದ ಚಿತ್ರ. ಆ ಭಾಗದಲ್ಲಿ ಮ್ಯಾಂಗನೀಸ್ ಅದಿರೇ ಇದೆ. 'ಬೆನ್ನುಮೂಳೆ' ಎಂದು ತಂದದ್ದು ಹೆಚ್ಚಾಗಿ ಮಡಿಕೆ ಬಿದ್ದ ಪದರವೋ ಬೆಣಚಿನ ಎಳೆಯೋ ಆಗಿರುತ್ತದೆ. ಆದರೆ ಅದೇ ಕುಂಸಿ ಭಾಗದ ಸುಣ್ಣಶಿಲೆಯಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳ ಚಾಪೆ ಪದರ ಪದರವಾಗಿ ಕಟ್ಟಿದ ಗುಮ್ಮಟಗಳು ಅವು. ಅವೂ ಜೀವದ ಕುರುಹೇ, ಭಾರತದ ಅತಿ ಹಳೆಯ ಕುರುಹುಗಳ ಸಾಲಿಗೆ ಸೇರುವಂಥವು. ಕಲ್ಲು ತಂದವರಿಗೆ ಇಷ್ಟನ್ನಾದರೂ ಹೇಳಿ ಕಳಿಸಬೇಕು.

ಡಂಬಾರ್ಟನ್ನಿನ ಕಲ್ಲು ಬ್ಯಾಲಗನ್ ಶಿಲಾಸ್ತೋಮದ್ದು, ಕಾರ್ಬಾನಿಫೆರಸ್ ಕಾಲದ ಶುರುವಿನದು. ಜೇಡಿಶಿಲೆ, ನಡುನಡುವೆ ಗಟ್ಟಿ ಡಾಲೊಮೈಟಿನ (ಮೆಗ್ನೀಸಿಯಂ ಬೆರೆತ ಸುಣ್ಣಶಿಲೆಯ) ತೆಳು ಪದರ. ಹೊಳೆ ಬಯಲು, ಉಪ್ಪುನೀರು ಬಂದುಹೋಗುವ ಕೆರೆಗಳ ಕೆಸರು ಗಟ್ಟಿಯಾದ ನೆಲ. ಭಾರತದಲ್ಲಿ ಅಷ್ಟು ಹಳೆಯ ಚತುಷ್ಪಾದಿಗಳಿಲ್ಲ. ನಮ್ಮಲ್ಲಿ ಸಿಕ್ಕ ಹಳೆಯ ಉಭಯವಾಸಿಗಳು ಕಾಶ್ಮೀರದ ಪರ್ಮಿಯನ್ (ಕಾರ್ಬಾನಿಫೆರಸ್ ಆದ ಮೇಲಿನ ಕಾಲದ) ಶಿಲೆಗಳಿಂದ, ಮಧ್ಯಪ್ರದೇಶದ ಸಾತ್ಪುಡಾ ಭಾಗದ ಬಿಜೋರಿಯಿಂದ, ಮಹಾರಾಷ್ಟ್ರದ ಮಾಂಗಲಿಯಿಂದ ಬಂದವು. ಮಾಂಗಲಿಯ ತಲೆಬುರುಡೆಯನ್ನು ರಿಚರ್ಡ್ ಓವೆನ್ 1855ರಲ್ಲೇ ಬ್ರಾಕಿಯಾಪ್ಸ್ ಎಂದು ವರ್ಣಿಸಿದ್ದರು. ಇವೆಲ್ಲ ಪೆಡರ್ಪಿಸ್‌ಗಿಂತ ಕೋಟ್ಯಂತರ ವರ್ಷ ಕಿರಿಯವು.

ಪೆಡರ್ಪಿಸ್‌ನ ವಯಸ್ಸೇ ಅದರ ಬೆಲೆಯನ್ನು ಹೆಚ್ಚಿಸಿತು. ಡೆವೋನಿಯನ್ ಕಾಲದ ಕೊನೆಯಲ್ಲಿ, ಅಂದರೆ 36 ಕೋಟಿ ವರ್ಷಗಳ ಹಿಂದೆ, ಇಕ್ತಿಯೋಸ್ಟೀಗಾ, ಅಕ್ಯಾಂತೋಸ್ಟೀಗಾ ಮೊದಲಾದವು ಸಿಗುತ್ತವೆ. ಕಾಲುಬೆರಳು ಇದ್ದರೂ ಅವು ಬಹುಮಟ್ಟಿಗೆ ನೀರಿನ ಪ್ರಾಣಿಗಳು. ಅಲ್ಲಿಂದ ಮುಂದೆ ಸುಮಾರು ಒಂದೂವರೆ ಕೋಟಿ ವರ್ಷ ಹೆಚ್ಚುಕಡಿಮೆ ಖಾಲಿ. ಆಮೇಲೆ ಒಮ್ಮೆಗೇ ಬಗೆಬಗೆಯ ನೆಲಪ್ರಾಣಿಗಳು. ಅಮೆರಿಕದ ಆಲ್ಫ್ರೆಡ್ ರೋಮರ್ ಗುರುತಿಸಿದ ಈ ಖಾಲಿಗೆ ಅವರದೇ ಹೆಸರು ಬಿದ್ದು 'ರೋಮರ್ ಅಂತರ' ಎಂದಾಯಿತು. ಗಾಳಿಯಲ್ಲಿ ಆಮ್ಲಜನಕ ಕಡಿಮೆ ಇದ್ದದ್ದೇ ಕಾರಣ ಎಂದು ಕೆಲವರ ವಾದ. ಸರಿಯಾದ ಕಡೆ ಯಾರೂ ಹುಡುಕಿಲ್ಲ ಎಂದು ಇನ್ನು ಕೆಲವರ ವಾದ. ಆ ಅಂತರದ ನಟ್ಟನಡುವಿನ, ಹೆಚ್ಚುಕಡಿಮೆ ಇಡಿಯಾದ ಅಸ್ಥಿಪಂಜರ ಮೀನಿನ ಹೆಸರಿನಲ್ಲಿ ಮ್ಯೂಸಿಯಂನಲ್ಲಿ ಕೂತಿತ್ತು.

ಮೀನು ಎನಿಸಿದ್ದು ಯಾಕೆ

ಈ ತಪ್ಪನ್ನು ಹಗುರವಾಗಿ ನೋಡಬಾರದು. ಕಲ್ಲಿನಿಂದ ಅರ್ಧ ಮಾತ್ರ ಹೊರಗೆ ಕಾಣುವ ಎಲುಬನ್ನು ನೋಡಿದ ಯಾರಿಗಾದರೂ ಮೊದಲು ನೆನಪಾಗುವುದು ಆ ಶಿಲೆಯಲ್ಲಿ ಪದೇಪದೇ ಸಿಗುವ ಪ್ರಾಣಿ. ಆ ಕಾಲದ ಸ್ಕಾಟಿಷ್ ಶಿಲೆಗಳಲ್ಲಿ ರೈಜೋಡಾಂಟ್ ಮೀನು ಹೊಸದಲ್ಲ. ಚತುಷ್ಪಾದಿ ಎಂಬುದನ್ನು ಆ ಮಟ್ಟದಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಜೊತೆಗೆ ಈ ಮೀನುಗಳ ಮುಂದಿನ ಈಜುರೆಕ್ಕೆಯೊಳಗೇ ನಮ್ಮ ತೋಳಿನ ಮೂಳೆಗೆ ಸಮನಾದ ಒಂದು ಮೂಳೆ, ಮುಂಗೈಯ ಎರಡು ಮೂಳೆಗಳಿಗೆ ಸಮನಾದ ಎರಡು ಮೂಳೆ ಇವೆ. ಎರಡೂ ಗುಂಪಿನ ಹಲ್ಲುಗಳ ಬುಡದಲ್ಲಿ ಗೋಡೆ ಒಳಕ್ಕೆ ಮಡಚಿರುತ್ತದೆ. ತಲೆಯ ಮೂಳೆಗಳ ಮೇಲೆ ಕೆತ್ತನೆ, ಕುಸಿದು ಅಪ್ಪಚ್ಚಿಯಾದ ಪಕ್ಕೆಲುಬು, ಎಲ್ಲ ಸೇರಿದರೆ ಗೊಂದಲ ಸಹಜ.

ಇಂಥ ತಪ್ಪು ಇದೊಂದೇ ಅಲ್ಲ. ಸ್ಕಾಟ್ಲೆಂಡಿನದೇ ಎಲ್ಜಿನರ್ಪೆಟಾನ್ ಕೂಡ ಮೀನಿನ ಚೂರುಗಳ ನಡುವೆ ಸಂಗ್ರಹಗಳಲ್ಲಿ ಸೇರಿಹೋಗಿತ್ತು. ಅದರ ದವಡೆಯ ತುಂಡುಗಳನ್ನು ಪೇರ್ ಆಲ್ಬರ್ಗ್ ಚತುಷ್ಪಾದಿಯದೆಂದು ಗುರುತಿಸಿ 1995ರಲ್ಲಿ ಹೆಸರಿಟ್ಟರು.

ಮೀನೋ ಚತುಷ್ಪಾದಿಯೋ ಎಂದು ತೀರ್ಮಾನಿಸಲು ನೋಡಬೇಕಾದ ಜಾಗಗಳು ಹೆಚ್ಚೇನಿಲ್ಲ. ಆದರೆ ಒಂದೇ ಲಕ್ಷಣ ಹಿಡಿದು ತೀರ್ಪು ಕೊಡಬಾರದು. ಮೊದಲನೆಯದು ಅವಯವದ ತುದಿ. ಮೀನಿನಲ್ಲಿ ಅಲ್ಲಿ ಕಡ್ಡಿಯಂಥ ಈಜುರೆಕ್ಕೆ ಎಳೆಗಳ ಸಾಲು ಇರಬೇಕು. ಚತುಷ್ಪಾದಿಯಲ್ಲಿ ಬೆರಳು ಇರಬೇಕು, ಎಳೆ ಇರಬಾರದು. ಎರಡನೆಯದು ತೋಳಿನ ಮೂಳೆ ಭುಜಕ್ಕೆ ಕೂರುವ ತುದಿ: ರೈಜೋಡಾಂಟ್‌ನಲ್ಲಿ ಅದು ಗುಂಡಗೆ ಉಬ್ಬಿರುತ್ತದೆ, ಹಳೆಯ ಚತುಷ್ಪಾದಿಗಳಲ್ಲಿ ಪಟ್ಟಿಯಂತೆ ಉದ್ದಕ್ಕೆ ಹರಡಿರುತ್ತದೆ. ಮೂರನೆಯದು ಸೊಂಟ. ಚತುಷ್ಪಾದಿಯ ಸೊಂಟದ ಮೂಳೆ ಒಂದು ವಿಶೇಷ ಪಕ್ಕೆಲುಬಿನ ಮೂಲಕ ಬೆನ್ನುಮೂಳೆಗೆ ತಗಲಿರುತ್ತದೆ. ಮೀನಿನದು ಮಾಂಸದೊಳಗೆ ತೇಲುತ್ತಿರುತ್ತದೆ. ನಾಲ್ಕನೆಯದು ಕುತ್ತಿಗೆ. ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಮೀನು ಹೆಚ್ಚುವಾಗ ನೋಡುವುದು ಮೇಲು.

ಗಾಜನೂರು ಹಿನ್ನೀರಿನ ಕಾಟ್ಲಾವನ್ನೋ ರೋಹುವನ್ನೋ ತಂದು ತಲೆಯನ್ನು ಕೈಯಿಂದ ಹಿಂದಕ್ಕೆ ಬಗ್ಗಿಸಿ ಬೇರ್ಪಡಿಸಿ ನೋಡಿ. ಕಿವಿರಿನ ಮುಚ್ಚಳದ ಹಿಂದೆ ಬಿಲ್ಲಿನಂತೆ ಬಾಗಿದ ಗಟ್ಟಿ ಮೂಳೆಯೊಂದಿದೆ. ಮುಂದಿನ ಈಜುರೆಕ್ಕೆ ಅದಕ್ಕೇ ಅಂಟಿದೆ. ತಲೆ ಕಿತ್ತರೆ ಈ ಬಿಲ್ಲು, ಈಜುರೆಕ್ಕೆ ಸಮೇತ, ತಲೆಯ ಜೊತೆಗೇ ಬರುತ್ತದೆ, ಅದರ ಮೇಲ್ತುದಿ ಬುರುಡೆಯ ಹಿಂಭಾಗಕ್ಕೆ ಸಣ್ಣ ಮೂಳೆಗಳ ಸರಣಿಯಿಂದ ಬಿಗಿದಿರುವುದರಿಂದ. ಮೀನಿಗೆ ತಲೆ ತಿರುಗಿಸಲು ಬಾರದು; ಮೈಯನ್ನೇ ತಿರುಗಿಸಬೇಕು. ಕೋಳಿಯಲ್ಲಿ ತಲೆ ತೆಗೆದರೆ ಭುಜ ಮೈಯಲ್ಲೇ ಉಳಿಯುತ್ತದೆ. ನೆಲಕ್ಕೆ ಬಂದ ಪ್ರಾಣಿಗಳ ಪೂರ್ವಜರಲ್ಲಿ ಆ ಸರಣಿ ಮೂಳೆಗಳು ಮತ್ತು ಕಿವಿರಿನ ಮುಚ್ಚಳದ ಮೂಳೆಗಳು ಕಳಚಿಹೋದವು, ತಲೆ ಬಿಡುವಾಯಿತು. ಪಳೆಯುಳಿಕೆಯಲ್ಲಿ ಬುರುಡೆಯ ಹಿಂದಿನ ಅಂಚು ನಯವಾಗಿ ಮುಗಿದಿದೆಯೋ, ಇಲ್ಲ ಮೂಳೆ ಬಿಗಿದಿದ್ದ ಗುರುತು ಇದೆಯೋ ಎಂದು ಹುಡುಕುವುದು ಇದಕ್ಕೇ.

ಅದೇ ಕಾಟ್ಲಾದ ಅಸ್ಥಿಪಂಜರವನ್ನು ಹೋಲಿಕೆಗಾಗಿ ಉಳಿಸಿಕೊಳ್ಳಿ. ಮಾಂಸ ತೆಗೆದು, ಬಿಸಿನೀರಲ್ಲಿ ಕುದಿಸದೆ ಅದ್ದಿ, ಕಿಣ್ವ ಇರುವ ಬಟ್ಟೆ ಸೋಪಿನ ಪುಡಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಕೆಲವು ದಿನ ಇಟ್ಟರೆ ಅಂಗಾಂಶ ಬಿಡುತ್ತದೆ. ಬೆಳ್ಳಗಾಗಿಸಲು 3% ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಬ್ಲೀಚಿಂಗ್ ಪೌಡರ್ ಹಾಕಿದರೆ ಎಲುಬು ಸುಣ್ಣದಂತೆ ಪುಡಿಯಾಗುತ್ತದೆ. ಕಾಡಿನಿಂದ, ರಸ್ತೆಯಿಂದ ಉಡ, ಕಪ್ಪೆ, ಹಾವುಗಳ ದೇಹ ತರಬಾರದು. ವನ್ಯಜೀವಿ ಕಾಯ್ದೆಯಡಿ ಅನುಮತಿಯಿಲ್ಲದೆ ಸತ್ತ ಪ್ರಾಣಿಯನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಹುದು. ಮೀನು, ಕೋಳಿ, ಕುರಿಯ ಎಲುಬುಗಳೇ ಕಲಿಯಲು ಬೇಕಾದಷ್ಟಿವೆ.

ಕಲ್ಲಿನಿಂದ ಎಲುಬು ಬಿಡಿಸುವುದು

ಪೆಡರ್ಪಿಸ್‌ನ ಕಲ್ಲನ್ನು ಬಿಡಿಸಿ ಎಲುಬು ಹೊರತಂದವರು ಸಾರಾ ಫಿನ್ನಿ. ಪ್ರಭೇದಕ್ಕೆ ಅವರ ಹೆಸರನ್ನೇ ಇಟ್ಟದ್ದು ನ್ಯಾಯವಾದ ಗೌರವ. ಏನು ಕಾಣುತ್ತದೆ ಎಂಬುದನ್ನು ತೀರ್ಮಾನಿಸುವ ಕೆಲಸ ಅರ್ಧಕ್ಕರ್ಧ ಅಲ್ಲೇ ಮುಗಿದಿರುತ್ತದೆ. ಎಲ್ಲ ಪ್ರಯೋಗಾಲಯಗಳೂ ಅನುಸರಿಸುವ ಕ್ರಮ ಒಂದೇ ತೆರನಾದ್ದು. ಬಂಡೆ ಎಲುಬಿಗಿಂತ ಮೆತ್ತಗಿದ್ದರೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿ, ಇಲ್ಲವೇ ಗಾಳಿಯೊತ್ತಡದಿಂದ ಕುಟ್ಟುವ ಸಣ್ಣ ಪೆನ್ನು. ಸುಣ್ಣಶಿಲೆಯಾದರೆ ದುರ್ಬಲ ಆಮ್ಲ.

ಆಮ್ಲದ ಕೆಲಸ ಸುಲಭವೆನಿಸಿ ಹಲವು ಮಾದರಿಗಳು ಹಾಳಾಗಿವೆ. ಅಸಿಟಿಕ್ ಆಮ್ಲ 5ರಿಂದ 10%, ಡಾಲೊಮೈಟ್ ಇದ್ದರೆ ಫಾರ್ಮಿಕ್ ಆಮ್ಲ, ಏಕೆಂದರೆ ಅಸಿಟಿಕ್ ಡಾಲೊಮೈಟನ್ನು ತುಂಬಾ ನಿಧಾನವಾಗಿ ಕರಗಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವನ್ನು ಹತ್ತಿರವೂ ತರಬಾರದು. ಅದು ಸುಣ್ಣದ ಜೊತೆ ಎಲುಬನ್ನೂ ತಿನ್ನುತ್ತದೆ. ದುರ್ಬಲ ಆಮ್ಲವೂ ಎಲುಬನ್ನು ಸ್ವಲ್ಪ ಕೊರೆಯುವುದರಿಂದ ದ್ರಾವಣಕ್ಕೆ ಮೊದಲೇ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸುತ್ತಾರೆ. ಹೊರಗೆ ಕಾಣುವ ಎಲುಬಿಗೆ ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ಲೇಪನ, ಸುಮಾರು 5% ತೆಳುವಾಗಿ, ಒಳಕ್ಕೆ ಇಳಿಯುವಂತೆ. ಮುರಿದದ್ದನ್ನು ಅಂಟಿಸಲು ಅದನ್ನೇ 50% ಹತ್ತಿರದ ಗಟ್ಟಿ ಅಂಟಾಗಿ ಬಳಸಬಹುದು. ಪೇಟೆಯಲ್ಲಿ ಸಿಗುವ ಫೆವಿಕ್ವಿಕ್ ಮಾತ್ರ ಬೇಡ: ತಪ್ಪಾಗಿ ಅಂಟಿದರೆ ಬಿಡಿಸುವುದು ಕಷ್ಟ, ವರ್ಷ ಕಳೆದಂತೆ ಹಳದಿಯಾಗಿ ಬಿರುಕು ಬಿಡುತ್ತದೆ. ಆಮ್ಲದಲ್ಲಿ ಇಟ್ಟಷ್ಟು ಹೊತ್ತಿನ ಕನಿಷ್ಠ ಮೂರು ಪಟ್ಟು ಹೊತ್ತು ಹರಿಯುವ ನೀರಲ್ಲಿ ತೊಳೆಯಬೇಕು. ಇಲ್ಲದಿದ್ದರೆ ಕ್ಯಾಲ್ಸಿಯಂ ಅಸಿಟೇಟ್ ಎಲುಬಿನ ರಂಧ್ರಗಳೊಳಗೆ ಹರಳಾಗಿ ಬೆಳೆದು ಅದನ್ನು ಒಳಗಿನಿಂದ ಸೀಳುತ್ತದೆ. ಈ ಕೆಲಸ ಗಾಳಿ ಎಳೆಯುವ ಕಪಾಟಿನೊಳಗೆ, ಕೈಗವಸು ಹಾಕಿಕೊಂಡೇ ನಡೆಯಬೇಕು. ಫಾರ್ಮಿಕ್ ಆಮ್ಲ ಚರ್ಮ ಸುಡುತ್ತದೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಮಳೆಗಾಲ. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ, ಶಿವಮೊಗ್ಗ ನಗರದಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಅಸಿಟೋನ್ ಬೇಗ ಆರುವಾಗ ಎಲುಬಿನ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಪ್ಯಾರಲಾಯ್ಡ್ ಲೇಪನ ಬಿಳಿ ಮಂಜಾಗುತ್ತದೆ. ಅದರ ಕೆಳಗಿನ ಹೊಲಿಗೆ ಗೆರೆ (ಎರಡು ಮೂಳೆಗಳು ಕೂಡುವ ಗಡಿ), ಕೆತ್ತನೆ ಏನೂ ಕಾಣುವುದಿಲ್ಲ. ಲೇಪನದ ಕೆಲಸವನ್ನು ಬೇಸಿಗೆಗೇ ಇಟ್ಟುಕೊಳ್ಳುವುದು ಒಳ್ಳೆಯದು. ಅನಿವಾರ್ಯವಾದರೆ ತೇವ ಹೀರುವ ಯಂತ್ರ ಇರುವ ಮುಚ್ಚಿದ ಕೋಣೆ ಬೇಕು. ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಇರುವ ಪಳೆಯುಳಿಕೆಯಂತೂ ಇಲ್ಲಿ ಇನ್ನೂ ಅಪಾಯದಲ್ಲಿರುತ್ತದೆ: ಗಾಳಿಯ ತೇವ 60% ದಾಟಿದರೆ ಪೈರೈಟ್ ಉತ್ಕರ್ಷಣಗೊಂಡು ಹಳದಿ-ಬಿಳಿ ಪುಡಿ, ಗಂಧಕಾಮ್ಲ ಆಗುತ್ತದೆ. ಆ ಆಮ್ಲ ಎಲುಬನ್ನೂ ಚೀಟಿಯನ್ನೂ ತಿನ್ನುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ, ಒಳಗೊಂದು ತೇವಮಾಪಕ, ಜೆಲ್ ಬಣ್ಣ ಬದಲಾದ ಕೂಡಲೇ ಒಣಗಿಸಿ ಮತ್ತೆ ಹಾಕುವ ಅಭ್ಯಾಸ, ಇಷ್ಟು ಬೇಕೇ ಬೇಕು. ಇಲ್ಲಿನ ಯಾವ ಸಂಗ್ರಹವೂ ಇದನ್ನು ಬೇಡವೆನ್ನುವಂತಿಲ್ಲ.

ಕಲ್ಲು ಬಿಡಿಸದೆ ಸಿ.ಟಿ. ಸ್ಕ್ಯಾನ್ ಮಾಡಬಹುದಲ್ಲ ಎಂಬ ಪ್ರಶ್ನೆ ಸದಾ ಬರುತ್ತದೆ. ಈಗ ಮೈಕ್ರೋ ಸಿ.ಟಿ., ಅಂದರೆ ತೀರ ಸಣ್ಣ ವಿವರವನ್ನೂ ಹಿಡಿಯುವ ಸಿ.ಟಿ., ಇಂಥ ಕೆಲಸದ ಮುಖ್ಯ ಸಾಧನ. ಆದರೆ ಸುಣ್ಣಶಿಲೆ ಮತ್ತು ಎಲುಬು ಎಕ್ಸ್‌ರೇಯನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಡೆಯುವುದರಿಂದ ಚಿತ್ರದಲ್ಲಿ ಎರಡೂ ಬೂದು ಬಣ್ಣ. ಕಬ್ಬಿಣದ ಖನಿಜವಿದ್ದರೆ ಚಿತ್ರದ ತುಂಬ ಬಿಳಿ ಗೀರು. ಆಸ್ಪತ್ರೆಯ ಯಂತ್ರ ದೊಡ್ಡ ತುಂಡಿನ ಸ್ಥೂಲ ಆಕಾರಕ್ಕೆ ಮಾತ್ರ; ಬೆರಳಿನ ಗಂಟಿನ ವಿವರಕ್ಕೆ ಅದು ಸಾಲದು.

ಹೊರಬಂದ ಬುರುಡೆಯ ಮೇಲೆ ಮೂಳೆಗಳ ಗಡಿ ಎಲ್ಲಿ ಎಂದು ಗುರುತಿಸುವಾಗ ಹೊಸಬರು ಎಡವುವುದು ಒಂದೇ ಕಡೆ: ಬಿರುಕನ್ನು ಹೊಲಿಗೆ ಎಂದುಕೊಳ್ಳುತ್ತಾರೆ. ಪ್ರತಿ ಮೂಳೆಯ ಕೆತ್ತನೆ ಅದು ಬೆಳೆಯಲು ಶುರುವಾದ ನಡುಬಿಂದುವಿನಿಂದ ಹೊರಕ್ಕೆ ಹರಡುತ್ತದೆ. ಹೊಲಿಗೆ ಗೆರೆಯಲ್ಲಿ ಎರಡು ಮೂಳೆಗಳ ಕೆತ್ತನೆ ಬೇರೆ ಬೇರೆ ದಿಕ್ಕಿನಿಂದ ಬಂದು ಸೇರಬೇಕು. ಗೆರೆ ಕೆತ್ತನೆಯನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋಗಿದ್ದರೆ ಅದು ಒತ್ತಡದ ಬಿರುಕು. ಎಡಬದಿಯಲ್ಲಿ ಕಂಡದ್ದು ಬಲಬದಿಯಲ್ಲೂ ಇದೆಯೇ ಎಂದು ನೋಡಿದ ಮೇಲೇ ಚಿತ್ರಕ್ಕೆ ಇಳಿಸಬೇಕು.

ಪಾದ ಹೇಳಿದ ಸಂಗತಿ

ಪೆಡರ್ಪಿಸ್‌ನ ಅಸ್ಥಿಪಂಜರ ಚೆಲ್ಲಾಪಿಲ್ಲಿಯಾಗದೆ ಜೋಡಣೆಯಲ್ಲೇ ಉಳಿದಿತ್ತು. ಬಾಲ ಇಲ್ಲ, ಬುರುಡೆಯ ಕೆಲವು ಭಾಗ ಇಲ್ಲ, ಕೆಲವು ಬೆರಳು ಇಲ್ಲ. ಹಾಗಿದ್ದರೂ ಯಾವ ಪಾದ ಯಾವ ಕಾಲಿನದು ಎಂಬ ಅನುಮಾನವಿಲ್ಲ, ಇದು ಎಲ್ಲಕ್ಕಿಂತ ದೊಡ್ಡ ಅದೃಷ್ಟ.

ಪೆಡರ್ಪಿಸ್‌ಗಿಂತ ಹಿಂದಿನ ಪ್ರಾಣಿಗಳ ಬೆರಳಿನ ಸಂಖ್ಯೆ ನೋಡಿ: ಅಕ್ಯಾಂತೋಸ್ಟೀಗಾದ ಮುಂಗಾಲಿನಲ್ಲಿ ಎಂಟು, ಇಕ್ತಿಯೋಸ್ಟೀಗಾದ ಹಿಂಗಾಲಿನಲ್ಲಿ ಏಳು, ಟ್ಯೂಲರ್ಪೆಟಾನ್‌ನಲ್ಲಿ ಆರು. ಐದು ಬೆರಳು ಶುರುವಿನಿಂದಲೇ ಬಂದ ನಿಯಮವಲ್ಲ. ಪೆಡರ್ಪಿಸ್‌ನ ಹಿಂಗಾಲಿನಲ್ಲಿ ಕೆಲಸಕ್ಕೆ ಬರುವ ಐದು ಗಟ್ಟಿ ಬೆರಳು. ಮುಂಗಾಲಿನಲ್ಲಿ ಒಂದು ಪುಟಾಣಿ ಬೆರಳಿನ ಕುರುಹು, ಅಂದರೆ ಅಲ್ಲಿ ಆರನೆಯದೂ ಇದ್ದಿರಬಹುದು. ಕ್ಲಾಕ್ ಇಲ್ಲಿ ತೋರಿದ ಎಚ್ಚರ ಅನುಕರಣೀಯ: ಕಾರ್ಯದಲ್ಲಿ ಐದು ಬೆರಳಿನ ಪ್ರಾಣಿ ಎಂದರೇ ಹೊರತು ಐದೇ ಬೆರಳು ಎಂದು ಬರೆಯಲಿಲ್ಲ. ಬೆರಳಿನ ಸಂಖ್ಯೆಯೊಂದನ್ನೇ ಹಿಡಿದು ಜಾತಿ ನಿರ್ಣಯಿಸಹೊರಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಹಿತ್ತಲ ಕಪ್ಪೆಯೇ ಸಾಕ್ಷಿ. ಮುಂಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ಐದು. ತೋಟದ ಬಸಿಗಾಲುವೆ ತೆಗೆಯುವಾಗ ಮಣ್ಣಲ್ಲಿ ಸಿಗುವ, ಉಂಗುರ ಉಂಗುರದ ಮೈಯ ಸಿಸಿಲಿಯನ್‌ಗೆ ಕಾಲೇ ಇಲ್ಲ, ಆದರೂ ಅದು ಉಭಯವಾಸಿ, ಚತುಷ್ಪಾದಿಗಳ ಗುಂಪಿನದೇ. ಗುಂಪು ತೀರ್ಮಾನವಾಗುವುದು ಸಂತತಿಯಿಂದ, ಕಾಲು ಎಣಿಸಿ ಅಲ್ಲ.

ಸಂಖ್ಯೆಗಿಂತ ಮುಖ್ಯವಾದದ್ದು ಅಂಗಾಲಿನ ಮೂಳೆಗಳ ಆಕಾರ. ನೀರಲ್ಲಿ ಹುಟ್ಟಿನಂತೆ ಬೀಸುವ ಪಾದದಲ್ಲಿ ಬೆರಳುಬುಡದ ಮೂಳೆಗಳು ಚಪ್ಪಟೆಯಾಗಿ, ಎರಡೂ ಬದಿ ಸಮನಾಗಿರುತ್ತವೆ. ಪಾದ ಹೊರಕ್ಕೆ, ಪಕ್ಕಕ್ಕೆ ಚಾಚಿರುತ್ತದೆ. ಪೆಡರ್ಪಿಸ್‌ನ ಈ ಮೂಳೆಗಳ ಎರಡು ಬದಿಗಳು ಸಮವಿಲ್ಲ, ಒಂದೆಡೆಗೆ ವಾರೆ. ಪಾದವನ್ನು ನೆಲಕ್ಕೂರಿ ಮುಂದಕ್ಕೆ ತಿರುಗಿಸಿ ಹೆಜ್ಜೆ ತಳ್ಳುವ ಪ್ರಾಣಿಗಳಲ್ಲಿ ಈ ವಾರೆ ಬೇಕಾಗುತ್ತದೆ, ಮೈಭಾರ ಎಲ್ಲ ಬೆರಳಿಗೂ ಸಮನಾಗಿ ಬೀಳದೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುವುದರಿಂದ. ಈ ಒಂದು ವಾರೆ ಗುರುತಿಸಲು ಪ್ರತಿ ಮೂಳೆಯ ಎರಡೂ ಅಂಚನ್ನು ಕ್ಯಾಲಿಪರ್ ಹಿಡಿದು ಅಳೆಯಬೇಕು, ಮೂಳೆ ಕಲ್ಲಿನೊಳಗೆ ಹಿಸುಕಿ ವಾರೆಯಾದದ್ದೇ ಎಂದು ಪಕ್ಕದ ಮೂಳೆಗಳ ಜೊತೆ ತಾಳೆ ನೋಡಬೇಕು. ಒತ್ತಡದಿಂದಾದ ವಾರೆಯಾದರೆ ಎಲ್ಲ ಮೂಳೆಗಳೂ ಒಂದೇ ದಿಕ್ಕಿಗೆ ವಾಲಿರುತ್ತವೆ.

ಆದರೆ ಇದರಿಂದ ಪೆಡರ್ಪಿಸ್ ಇಡೀ ದಿನ ನೆಲದ ಮೇಲೇ ತಿರುಗುತ್ತಿತ್ತು ಎಂದು ಬರೆಯಲಾಗದು. ಆಕಾರ ಹೇಳುವುದು ಸಾಧ್ಯತೆಯನ್ನು, ದಿನಚರಿಯನ್ನಲ್ಲ.

ಹೊಸ ಪ್ರಭೇದ ಎನ್ನಲು ಏನು ಬೇಕು

ಚತುಷ್ಪಾದಿ ಎಂದು ಖಚಿತವಾದ ಮೇಲೆ ಇನ್ನೂ ಕಷ್ಟದ ಪ್ರಶ್ನೆ: ಈಗಾಗಲೇ ಹೆಸರಿರುವ ಪ್ರಾಣಿಯೇ ಇದು ಏಕಾಗಬಾರದು? ಅತಿ ಹತ್ತಿರದ ಹೋಲಿಕೆ ಅಮೆರಿಕದ ಅಯೋವಾ ರಾಜ್ಯದ ಡೆಲ್ಟಾ ಎಂಬಲ್ಲಿ ಸಿಕ್ಕ ವಾಚೀರಿಯಾ ಜೊತೆ. ಅದನ್ನು 1995ರಲ್ಲಿ ಲೊಂಬಾರ್ಡ್ ಮತ್ತು ಬೋಲ್ಟ್ ವರ್ಣಿಸಿದ್ದರು. ತ್ರಿಕೋನದಂಥ ಎತ್ತರದ ತಲೆ, ಅಗಲ ಅಂಚಿನ ಪಕ್ಕೆಲುಬು, ಎರಡರಲ್ಲೂ ಇವೆ. ಎರಡನ್ನೂ ಒಂದೇ ಕುಟುಂಬದಲ್ಲಿಡಲು ಈ ಹೋಲಿಕೆಗಳು ಕಾರಣವಾದವು. ಬೇರೆ ಕುಲ ಎನ್ನಲು ಬೇಕಾದದ್ದು ವ್ಯತ್ಯಾಸ. ಬುರುಡೆಯ ಹಲವು ಸಣ್ಣ ವಿವರಗಳ ಜೊತೆ ಒಂದು ಎದ್ದು ಕಾಣುವ ಲಕ್ಷಣ ಪೆಡರ್ಪಿಸ್‌ನ ತೋಳಿನ ಮೂಳೆಯಲ್ಲಿದೆ: ಬೆನ್ನಿನಿಂದ ತೋಳಿಗೆ ಬರುವ ಅಗಲ ಸ್ನಾಯು ಅಂಟಿಕೊಳ್ಳುವ ಜಾಗ ಮುಳ್ಳಿನಂತೆ ಚಾಚಿಕೊಂಡಿದೆ. ವಾಚೀರಿಯಾದಲ್ಲಿ ಅದು ಹಾಗಿಲ್ಲ. ಒಂದು ಪ್ರಾಣಿಗೆ ಮಾತ್ರ ಸಲ್ಲುವ ಇಂಥ ಲಕ್ಷಣ ಸಿಕ್ಕರೆ ವರ್ಣನೆ ಗಟ್ಟಿಯಾಗುತ್ತದೆ.

ವ್ಯತ್ಯಾಸ ಕಂಡಾಗಲೆಲ್ಲ ಕೇಳಿಕೊಳ್ಳಬೇಕಾದದ್ದು ಮೂರು. ಇದು ವಯಸ್ಸಿನದೇ? ಎಳೆ ಪ್ರಾಣಿಯ ಮೂಳೆಯ ತುದಿಗಳು ಪೂರ್ತಿ ಗಟ್ಟಿಯಾಗಿರುವುದಿಲ್ಲ, ಸ್ನಾಯು ಅಂಟುವ ಉಬ್ಬುಗಳು ಸಣ್ಣಗಿರುತ್ತವೆ. ಬೇರೆ ಜಾತಿಯೆಂದು ಮರಿಯನ್ನೇ ಹೆಸರಿಸಿಬಿಡುವ ಅಪಾಯವಿದೆ. ವಾಚೀರಿಯಾದ ಬೇರೆಬೇರೆ ಗಾತ್ರದ ಮಾದರಿಗಳು ನೂರಾರು ಇರುವುದು ಇಲ್ಲಿ ಅನುಕೂಲ. ಅದರ ತೊಡೆಮೂಳೆಗಳನ್ನು ತೆಳುವಾಗಿ ಕುಯ್ದು ನೋಡಿದ 2022ರ ಅಧ್ಯಯನ ಆ ಪ್ರಾಣಿ ಎಳವೆಯಲ್ಲಿ ಬೇಗ ಬೆಳೆಯುತ್ತಿತ್ತು ಎಂದು ತೋರಿಸಿದೆ. ಎರಡನೆಯ ಪ್ರಶ್ನೆ, ಒತ್ತಡದಿಂದ ಬಂದದ್ದೇ? ಮೂರನೆಯದು, ಒಂದೇ ಜಾತಿಯೊಳಗಿನ ಹೆಣ್ಣು-ಗಂಡು, ದೊಡ್ಡ-ಸಣ್ಣ ಭೇದವೇ? ಪೆಡರ್ಪಿಸ್ ಒಂದೇ ಮಾದರಿಯ ಮೇಲೆ ನಿಂತಿರುವುದರಿಂದ ಮೂರನೆಯದಕ್ಕೆ ಪೂರ್ತಿ ಉತ್ತರ ಅದರೊಳಗೆ ಸಿಗದು. ಹಾಗಾಗಿಯೇ ಬುರುಡೆ, ತೋಳು ಎಂದು ಒಂದಕ್ಕೊಂದು ಸಂಬಂಧವಿಲ್ಲದ ಜಾಗಗಳ ವ್ಯತ್ಯಾಸಗಳನ್ನು ಒಟ್ಟಿಗೆ ಮುಂದಿಡಬೇಕು.

ಆಮೇಲಿನದು ಕೋಷ್ಟಕ. ಒಂದೊಂದು ಪ್ರಾಣಿಗೆ ಒಂದು ಸಾಲು, ಒಂದೊಂದು ಲಕ್ಷಣಕ್ಕೆ ಒಂದು ಕಂಬ. ಲಕ್ಷಣ ಇಲ್ಲದಿದ್ದರೆ 0, ಇದ್ದರೆ 1. ಕಂಪ್ಯೂಟರ್ ಕಡಿಮೆ ಬದಲಾವಣೆಯಲ್ಲಿ ಎಲ್ಲವನ್ನೂ ಹೊಂದಿಸುವ ವಂಶವೃಕ್ಷ ಹುಡುಕುತ್ತದೆ. ಇಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪು ಒಂದಿದೆ, ಅದನ್ನು ಅಭ್ಯಾಸದಲ್ಲೇ ತಿದ್ದಬೇಕು. ಪೆಡರ್ಪಿಸ್‌ಗೆ ಬಾಲ ಸಿಕ್ಕಿಲ್ಲ. ಬಾಲದ ಎಲ್ಲ ಕಂಬಗಳಲ್ಲೂ ಪ್ರಶ್ನಾರ್ಥಕ ಚಿಹ್ನೆ ಬರಬೇಕು. ಅಲ್ಲಿ 0 ಬರೆದರೆ ಬಾಲದಲ್ಲಿ ಆ ಲಕ್ಷಣ ಇರಲಿಲ್ಲ ಎಂದು ಹೇಳಿದಂತಾಗಿ ಪ್ರಾಣಿ ವೃಕ್ಷದ ಬುಡಕ್ಕೆ, ಮೀನುಗಳ ಕಡೆಗೆ ಜಾರುತ್ತದೆ. ಕಂಡಿಲ್ಲ ಮತ್ತು ಇಲ್ಲ, ಎರಡಕ್ಕೂ ಕೋಷ್ಟಕದಲ್ಲಿ ಬೇರೆ ಬೇರೆ ಜಾಗವಿದೆ. ಕಪ್ಪೆ, ಹಲ್ಲಿ, ಕೋಳಿ, ಕುರಿ, ಕಾಟ್ಲಾ ಐದನ್ನು ಇಟ್ಟುಕೊಂಡು, ಕೈಯಾರೆ ಹದಿನೈದು ಲಕ್ಷಣದ ಕೋಷ್ಟಕ ತುಂಬಿ, ಬೇಕೆಂದೇ ಒಂದು ಸಾಲಿನ ಅರ್ಧವನ್ನು ಪ್ರಶ್ನಾರ್ಥಕವಾಗಿಸಿ, ಆಮೇಲೆ ಅದನ್ನೇ 0 ಮಾಡಿ, ವೃಕ್ಷ ಹೇಗೆ ಬದಲಾಗುತ್ತದೆ ಎಂದು ನೋಡಿದರೆ ಯಾವ ಉಪನ್ಯಾಸವೂ ಕೊಡದ ತಿಳಿವಳಿಕೆ ಸಿಗುತ್ತದೆ. ಕಪ್ಪೆ, ಹಲ್ಲಿಗಳ ಎಲುಬಿಗೆ ಪುಸ್ತಕದ ಚಿತ್ರವೇ ಸಾಕು.

ಹೆಸರಿಡುವುದಕ್ಕೆ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯ ನಿಯಮಗಳಿವೆ. ಹೆಸರು ರೋಮನ್ ಅಕ್ಷರದಲ್ಲಿರಬೇಕು. ಯಾವ ಲಕ್ಷಣದಿಂದ ಬೇರೆ ಎಂದು ಬರೆದಿರಬೇಕು. ಆಧಾರ ಮಾದರಿ ಇಂಥದ್ದೇ ಎಂದು ನಮೂದಿಸಿ, ಅದು ಎಲ್ಲಿದೆ ಎಂದು ಹೇಳಬೇಕು. ಪೆಡರ್ಪಿಸ್‌ಗೆ ಅದು ಹಂಟೇರಿಯನ್ ಸಂಗ್ರಹದ 100815ನೇ ಸಂಖ್ಯೆಯ ಮಾದರಿ. ನಾಳೆ ಯಾರಿಗಾದರೂ ಸಂಶಯ ಬಂದರೆ ಅದೇ ಕಲ್ಲನ್ನು ಎದುರಿಗಿಟ್ಟು ನೋಡಲು ಸಾಧ್ಯವಾಗಬೇಕು. ಖಾಸಗಿ ಮನೆಯ ಶೋಕೇಸಿನಲ್ಲಿರುವ ಮಾದರಿಯ ಮೇಲೆ ಪ್ರಭೇದ ಕಟ್ಟುವುದನ್ನು ಒಳ್ಳೆಯ ಪತ್ರಿಕೆಗಳು ಒಪ್ಪದಿರುವುದು ಇದಕ್ಕೇ. ಮೊದಲ ಪ್ರಬಂಧ ಚುಟುಕಾಗಿತ್ತು. ಕ್ಲಾಕ್ ಮತ್ತು ಫಿನ್ನಿ ಸೇರಿ ಎಲುಬು ಎಲುಬಿನ ಪೂರ್ಣ ವರ್ಣನೆ ಪ್ರಕಟಿಸಿದ್ದು 2005ರಲ್ಲಿ.

ಕಲ್ಲಿನ ಜೊತೆ ಬರಬೇಕಾದ ಮಾಹಿತಿ

ಮೀನು ಎಂಬ ತಪ್ಪು ಚೀಟಿಯಿಂದ ಪೆಡರ್ಪಿಸ್‌ಗೆ ಆದ ನಷ್ಟ ಕಾಲದ್ದು ಮಾತ್ರ. ಸಿಕ್ಕ ಊರು, ಶಿಲೆ, ಸಿಕ್ಕ ವರ್ಷ, ಸಂಗ್ರಹಿಸಿದವರ ಹೆಸರು, ಇವು ಉಳಿದಿದ್ದವು. ಜಾತಿಯ ಹೆಸರು ತಪ್ಪಿದರೆ ಎಲುಬು ನೋಡಿ ತಿದ್ದಬಹುದು. ಸಿಕ್ಕ ಜಾಗ ತಪ್ಪಿದರೆ ತಿದ್ದಲು ಕಲ್ಲಿನಲ್ಲಿ ಹೆಚ್ಚೇನೂ ಇರುವುದಿಲ್ಲ. ನಮ್ಮ ದೇಶಕ್ಕೆ ಇದು ಗೊತ್ತಿರುವ ನೋವು. ಹಿಮಾಲಯದಿಂದ ಬಂದವೆಂದು ವರ್ಷಗಟ್ಟಲೆ ಪ್ರಕಟವಾಗಿದ್ದ ಹಲವು ಪಳೆಯುಳಿಕೆಗಳು ಬೇರೆ ದೇಶಗಳವು ಎಂದು 1989ರಲ್ಲಿ ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ 'ನೇಚರ್'ನಲ್ಲಿ ಬಯಲಿಗೆಳೆದರು. ಅವುಗಳನ್ನು ನಂಬಿ ಬರೆದ ಶಿಲಾವಯಸ್ಸು, ನಕ್ಷೆಗಳನ್ನೆಲ್ಲ ಮರುಪರಿಶೀಲಿಸಬೇಕಾಯಿತು.

ಆದ್ದರಿಂದ ಕುಂಸಿಯವರು ತಂದ ಕಲ್ಲಾದರೂ ಸರಿ, ಕೈಗೆ ಬಂದ ಕೂಡಲೇ ಒಂದು ಸಂಖ್ಯೆ ಕೊಡಿ. ಕಲ್ಲಿನ ಮೇಲೆ ಪ್ಯಾರಲಾಯ್ಡ್‌ನ ಒಂದು ಸಣ್ಣ ಪಟ್ಟಿ ಬಳಿದು ಅದರ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಚೀಟಿ ಒಂದು ಮಳೆಗಾಲ ತಡೆಯುವುದಿಲ್ಲ, ಬೆಳ್ಳಿಹುಳುವಿಗೆ ಕಾಗದವೇ ಆಹಾರ. ಸಿಕ್ಕ ಜಾಗದ ಅಕ್ಷಾಂಶ-ರೇಖಾಂಶ, ನೆಲದಿಂದ ಎಷ್ಟು ಆಳ, ಬಂಡೆಯಲ್ಲೇ ಇತ್ತೋ ಹೊಳೆದಂಡೆಯಲ್ಲಿ ಬಿದ್ದಿತ್ತೋ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅಳತೆಪಟ್ಟಿ ಇಟ್ಟು ಆರು ಬದಿಯ ಫೋಟೋ ತೆಗೆಯಿರಿ. ಇದು ಏನು ಎಂಬ ನಿಮ್ಮ ಅಭಿಪ್ರಾಯವನ್ನು ಬೇರೆ ಚೀಟಿಯಲ್ಲಿ, ಹೆಸರು ಮತ್ತು ದಿನಾಂಕದೊಂದಿಗೆ ಬರೆದಿಡಿ. ಹಳೆಯ ಅಭಿಪ್ರಾಯದ ಚೀಟಿಯನ್ನು ಎಂದೂ ಹರಿಯಬೇಡಿ, ಹೊಸದನ್ನು ಅದರ ಜೊತೆಗೇ ಇಡಿ. ತುಂಗಾ, ಭದ್ರಾ ದಂಡೆಯ ಮೆಕ್ಕಲು ಮಣ್ಣಿನಿಂದ ಬಂದ ಎಲುಬಾದರೆ ಅದು ಬಂಡೆಗಿಂತ ಎಷ್ಟೋ ಹೊಸದು, ಅದನ್ನು ಬೇರೆ ಸಾಲಿನಲ್ಲಿಟ್ಟು ದನ, ಎಮ್ಮೆ, ಕಡವೆಗಳ ಎಲುಬಿನೊಂದಿಗೆ ಹೋಲಿಸಿ ನೋಡಬೇಕು.

ರೋಮರ್ ಅಂತರ ಈಗ ಮುಂಚಿನಷ್ಟು ಖಾಲಿಯಿಲ್ಲ. ಅದೇ ಬ್ಯಾಲಗನ್ ಶಿಲೆಗಳಲ್ಲಿ ಸ್ಕಾಟ್ಲೆಂಡಿನ ಗಡಿಭಾಗದಲ್ಲಿ ನಡೆದ ಹುಡುಕಾಟದಿಂದ ಕ್ಲಾಕ್ ಮತ್ತು ಸಂಗಡಿಗರು 2016ರ ಕೊನೆಯಲ್ಲಿ ಒಟ್ಟಿಗೆ ಐದು ಹೊಸ ಚತುಷ್ಪಾದಿಗಳನ್ನು ಹೆಸರಿಸಿದರು: ಪೆರಿಟೋಡಸ್, ಕೊಯ್ಲಾಪ್ಸ್, ಒಸಿರಾರಸ್, ಡಿಪ್ಲೊರಾಡಸ್, ಐಟನರ್ಪೆಟಾನ್. ಬೇರೆ ಪ್ರಾಣಿಗಳದ್ದೇ ಎಂದು ಕಂಡರೂ ಲಕ್ಷಣ ಸಾಲದ ಇನ್ನಷ್ಟು ತುಣುಕುಗಳಿಗೆ ಅವರು ಹೆಸರಿಡಲಿಲ್ಲ. ಅವುಗಳನ್ನು ಸಂಖ್ಯೆಯೊಂದಿಗೆ, ಚಿತ್ರದೊಂದಿಗೆ, ಇನ್ನೂ ಉತ್ತಮ ಎಲುಬು ಸಿಗುವ ತನಕ ಹಾಗೆಯೇ ದಾಖಲಿಸಿಟ್ಟರು.